ಧಾರವಾಡ ಸೀಮೆಯ ಕಿರಾಣಾ ಗಾಯಕರ ಗ್ರಾಮಫೋನ್ ಮುದ್ರಿಕೆಗಳು

ಧಾರವಾಡ ಸೀಮೆಯ ಕಿರಾಣಾ ಗಾಯಕರ ಗ್ರಾಮಫೋನ್ ಮುದ್ರಿಕೆಗಳು ಎಂಬ ಹೆಸರಿನಡಿ ಈ ಲೇಖನವು ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾಣೆಗೆ ಸೇರಿದ, ಇಂದಿನ ಧಾರವಾಡ ಮತ್ತು ಗದಗ ಜಿಲ್ಲೆಗಳೊಡನೆ ನಿಕಟ ಸಂಬಂಧವಿದ್ದ ನಾಲ್ವರು ಗಾಯಕರ ಆರಂಭಿಕ ಧ್ವನಿಮುದ್ರಿಕೆಗಳನ್ನು ಪರಿಚಯಿಸುತ್ತದೆ. ಅವರು ಉಸ್ತಾದ್ ಅಬ್ದುಲ್ ಕರೀಮ್ ಖಾನ್ (1872–1937), ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರ್ (1886–1952), ಗಂಗೂಬಾಯಿ ಹಾನಗಲ್ (1913–2009) ಹಾಗೂ ಭೀಮಸೇನ ಜೋಶಿ (1922–2011). ಇವರ ಮೊದಲ ಮುದ್ರಿಕೆಗಳು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ಮೇಲೆ ಹೊರಬಂದವು. ದಶಕಗಳು ಕಳೆದ ಮೇಲೆ, ದೀರ್ಘವಾದನ ತಟ್ಟೆ, ಧ್ವನಿಸುರುಳಿ ಹಾಗೂ ಅಂತರಜಾಲದ ಮೂಲಕ ಅವು ಮತ್ತೆ ಕೇಳಸಿಗುತ್ತಿವೆ. ಮರಳಿ ಕೇಳುವಾಗ ಏನು ಕಾಣುತ್ತದೆ, ಯಾವುದಕ್ಕೆ ಮೋಸಹೋಗಬಾರದು ಎಂಬುದೇ ಇಲ್ಲಿಯ ಮುಖ್ಯ ವಿಚಾರ.

ಹಿನ್ನೆಲೆ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಂದು ಮುದ್ರಿಸಿದ ಕಲಾವಿದರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದನ್ನು ಆ ತಟ್ಟೆಗಳಲ್ಲಿ ಕೇಳಬಹುದು. ಅದು ಜಂಬದ ಮಾತಲ್ಲ. ಮೂಲಮುದ್ರಿಕೆಗಳು ಅಚ್ಚಿಗಾಗಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು ಎಂಬುದು ಕನ್ನಡ ನಾಡಿಗೂ ಈ ಚರಿತ್ರೆಗೂ ಇರುವ ಒಂದು ನಂಟು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಬಳಿಕ ತಟ್ಟೆಗಳು ಭಾರತದಲ್ಲಿಯೇ ಅಚ್ಚಾಗತೊಡಗಿದವು.

ತಟ್ಟೆಯ ಮುಖ್ಯ ಸಾಮಗ್ರಿಯಾದ ಅರಗು ಭಾರತದ ಕಾಡುಗಳಲ್ಲಿಯ ಅರಗಿನ ಹುಳುವಿನಿಂದ ದೊರೆಯುವಂಥದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಮೊದಲಾದವನ್ನು ಬೆರೆಸಿ ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕೂವರೆ ನಿಮಿಷದ ಆಸುಪಾಸು ಹಾಡು ಹಿಡಿಯುತ್ತಿತ್ತು. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೊಮ್ಮೆ ಬದಲಿಸಬೇಕೆಂಬುದು ನಿಯಮ. ಮುಳ್ಳಿಗೂ ದುಡ್ಡು ತಗಲುತ್ತಿದ್ದುದರಿಂದ ಮನೆಗಳಲ್ಲಿ ಅದನ್ನು ಪಾಲಿಸಿದವರು ಕಡಿಮೆ. ಸವೆದ ಮುಳ್ಳು ಗೀರುಗಳನ್ನು ಉಜ್ಜಿ ಹಾಳುಮಾಡಿತು. ಇಂದು ಹಳೆಯ ತಟ್ಟೆಗಳಲ್ಲಿ ಕೇಳುವ ಒರಟು ಸದ್ದಿನಲ್ಲಿ ಬಹುಪಾಲು ಹೀಗೆ ಬಂದದ್ದು. ಅದನ್ನು ಮುದ್ರಣದ ದೋಷವೆಂದೇ ತಿಳಿಯಬಾರದು.

1925ರವರೆಗೆ ಮುದ್ರಣಕ್ಕೆ ಧ್ವನಿವರ್ಧಕವಿರಲಿಲ್ಲ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಅತಿ ಮಂದ್ರದ ಹಾಗೂ ಅತಿ ಸೂಕ್ಷ್ಮದ ನಾದಗಳನ್ನು ಆ ಯಂತ್ರ ಹಿಡಿಯುತ್ತಿರಲಿಲ್ಲ. ತಂಬೂರಿಯ ನಾದ ಬಹುತೇಕ ಕಳೆದೇಹೋಗುತ್ತಿತ್ತು. ಆಮೇಲೆ ವಿದ್ಯುತ್ ಮುದ್ರಣ ಬಂದಿತು. ಮೆಲ್ಲನೆ ಹಾಡಿದರೂ ಸ್ವರ ತಟ್ಟೆಗೆ ಇಳಿಯುವಂತಾಯಿತು. ಸ್ವರವನ್ನು ಹದವಾಗಿ, ನಿಧಾನವಾಗಿ ಬೆಳೆಸುವುದನ್ನೇ ಜೀವಾಳವಾಗಿಸಿಕೊಂಡ ಕಿರಾಣಾ ಗಾಯಕಿಗೆ ಈ ಬದಲಾವಣೆಯಿಂದ ಆದ ಪ್ರಯೋಜನ ದೊಡ್ಡದು.

ಅಬ್ದುಲ್ ಕರೀಮ್ ಖಾನ್

ಉತ್ತರ ಪ್ರದೇಶದ ಕೈರಾನಾ ಊರಿನವರಾದ ಖಾನಸಾಹೇಬರು ಬಾಳಿನ ಬಹುಭಾಗವನ್ನು ದಕ್ಷಿಣದಲ್ಲಿ ಕಳೆದರು. ಮಿರಜ ಅವರ ನೆಲೆಯಾಗಿತ್ತು. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳು ಅವರ ತಂಗುದಾಣಗಳಾಗಿದ್ದವು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರು ಉಳಿದುಕೊಳ್ಳುತ್ತಿದ್ದರು. ಕಿರಾಣಾ ಪರಂಪರೆಯು ಈ ಕಪ್ಪುನೆಲದಲ್ಲಿ ಬೇರು ಬಿಟ್ಟದ್ದು ಹೀಗೆ, ರೈಲುದಾರಿಯ ನೆರವಿನಿಂದ ಎಂದರೆ ತಪ್ಪಾಗದು.

ಅವರು ಮೊದಲು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅನಂತರ ಬಹುಕಾಲ ಬಿಟ್ಟು 1930ರ ದಶಕದಲ್ಲಿ ಓಡಿಯನ್ ಕಂಪನಿಗಾಗಿ ಹಾಡಿದರು. ಇಂದು ಜನ ಕೇಳುವುದು ಹೆಚ್ಚಾಗಿ ಈ ಎರಡನೆಯ ಗುಂಪಿನವನ್ನು. ಝಿಂಝೋಟಿಯ ಠುಮ್ರಿ, ಭೈರವಿಯ ಠುಮ್ರಿ, ಬಸಂತ್ ರಾಗದ ಖ್ಯಾಲ್ ಇವು ಹೆಸರಾದವು. ಖರಹರಪ್ರಿಯ ರಾಗದ ತ್ಯಾಗರಾಜ ಕೃತಿಯೊಂದನ್ನೂ ಅವರು ತಟ್ಟೆಗೆ ಹಾಡಿದ್ದಾರೆ. ಉತ್ತರಾದಿಯ ಉಸ್ತಾದರೊಬ್ಬರು ಕರ್ನಾಟಕ ಸಂಗೀತವನ್ನು ಇಷ್ಟು ಆದರದಿಂದ ಮುಟ್ಟಿದ ನಿದರ್ಶನಗಳು ಆ ಕಾಲದಲ್ಲಿ ವಿರಳ. ಅವರ ಸರಗಮ್ ಹಾಡುವ ಕ್ರಮದಲ್ಲಿಯೂ ದಕ್ಷಿಣದ ಸಹವಾಸ ಕಾಣುತ್ತದೆ.

ಈ ತಟ್ಟೆಗಳನ್ನು ಮೊದಲ ಬಾರಿ ಕೇಳುವವರಿಗೆ ಧ್ವನಿ ತೆಳುವಾಗಿ, ಮೂಗಿನಿಂದ ಬಂದಂತೆ ತೋರಬಹುದು. ಎರಡನೆಯ ಸಲ ಕೇಳಿದಾಗ ಗಮನ ಧ್ವನಿಯ ಬಣ್ಣವನ್ನು ಬಿಟ್ಟು ಸ್ವರದ ಮೇಲೆ ನಿಲ್ಲುತ್ತದೆ. ಒಂದು ಸ್ವರವನ್ನು ಮುಟ್ಟುವ ಮುನ್ನ ಅದರ ನೆರೆಯ ಸ್ವರವನ್ನು ಸವರಿ ಬರುವ ಆ ಬಗೆಯು ಮೂರು ನಿಮಿಷದ ಒಳಗೇ ರಾಗವನ್ನು ಪೂರ್ತಿಯಾಗಿ ನಿಲ್ಲಿಸುತ್ತದೆ. ಠುಮ್ರಿಗೆ ಮೂರು ನಿಮಿಷ ಸಾಕು, ಖ್ಯಾಲಿಗೆ ಸಾಲದು ಎಂಬ ಸಾಮಾನ್ಯ ಮಾತು ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ.

ಸವಾಯಿ ಗಂಧರ್ವ

ರಾಮಭಾವು ಕುಂದಗೋಳಕರರು ಕುಂದಗೋಳದಲ್ಲಿ ಹುಟ್ಟಿದವರು. ಆ ಊರು ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಬಾಲಗಂಧರ್ವರಿಗಿಂತ ಕಾಲುಪಾಲು ಮೇಲು ಎಂಬ ಅರ್ಥದ ಬಿರುದು ಪಡೆದರು. ಸವಾಯಿ ಎಂದರೆ ಒಂದೂಕಾಲು.

ಅವರ ತಟ್ಟೆಗಳು ಸಂಖ್ಯೆಯಲ್ಲಿ ಹೆಚ್ಚಿಲ್ಲ. ಭೈರವಿಯದು ಎಲ್ಲಕ್ಕಿಂತ ಪ್ರಸಿದ್ಧ. ಅವರ ಧ್ವನಿ ಗುರುಗಳಷ್ಟು ಸಲೀಸಾಗಿರಲಿಲ್ಲ. ಸಭೆಯಲ್ಲಿ ಅದು ಬಿಚ್ಚಿಕೊಳ್ಳಲು ಸಮಯ ಬೇಕಾಗುತ್ತಿತ್ತು ಎಂದು ಕೇಳಿದವರು ದಾಖಲಿಸಿದ್ದಾರೆ. ಯಂತ್ರ ಆ ಸಮಯವನ್ನು ಕೊಡಲಿಲ್ಲ. ಆದಕಾರಣ ತಟ್ಟೆಗಳನ್ನು ಮಾತ್ರ ಕೇಳಿ ಅವರನ್ನು ಅಳೆಯುವುದು ಅನ್ಯಾಯ. ಗಂಗೂಬಾಯಿ, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಈ ಮೂವರ ಹಾಡಿಕೆಯೇ ಅವರ ದೊಡ್ಡ ಮುದ್ರಿಕೆ ಎನ್ನಬಹುದು. ಬದುಕಿನ ಕೊನೆಯ ಹತ್ತು ವರ್ಷ ಪಾರ್ಶ್ವವಾಯುವಿನಿಂದ ಅವರ ಹಾಡಿಕೆ ನಿಂತಿತು.

ಗಂಗೂಬಾಯಿ ಹಾನಗಲ್

ಮರಳಿ ಕೇಳುವವರಿಗೆ ಅತ್ಯಂತ ಅಚ್ಚರಿಯನ್ನು ಉಂಟುಮಾಡುವವು ಗಂಗೂಬಾಯಿಯವರ ಮೊದಲ ತಟ್ಟೆಗಳು. ಧಾರವಾಡದಲ್ಲಿ ಹುಟ್ಟಿದ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ಎರಡು ಪದ್ಧತಿಗಳು ಬೆರೆಯಬಾರದೆಂದು ತಾಯಿ ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು. ಬಾಲಕಿ ಗಂಗೂಬಾಯಿ ಬೀದಿಯಲ್ಲಿ ಗ್ರಾಮಫೋನ್ ಹಾಡಿದಾಗ ಓಡಿಹೋಗಿ ಕೇಳಿ, ಮನೆಗೆ ಬಂದು ಹಾಗೆಯೇ ಹಾಡಲು ಯತ್ನಿಸುತ್ತಿದ್ದರು. ಹೀಗಾಗಿ ಅವರ ಮೊದಲ ಪಾಠಗಳಲ್ಲಿ ಒಂದು ಪಾಲು ಯಂತ್ರದಿಂದ ಬಂದದ್ದು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮಹಾತ್ಮ ಗಾಂಧಿಯವರೆದುರು ಸ್ವಾಗತಗೀತೆ ಹಾಡಿದವರಲ್ಲಿ ಅವರೂ ಇದ್ದರು. ಆಗ ಅವರಿಗೆ ಹನ್ನೊಂದು ವರ್ಷ. ಊಟದ ಎಲೆ ಎತ್ತಲು ತನಗೆ ಹೇಳಿಬಿಟ್ಟಾರೆಂದು ಅಂದು ಹೆದರಿದ್ದೆನೆಂದು ಮುಂದೆ ಅವರೇ ನೆನೆದಿದ್ದಾರೆ. ಹಾಡುವ ಮನೆತನದ ಹೆಣ್ಣುಮಗಳ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಯಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

1928ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂದಿತು. ಕೃಷ್ಣಾಚಾರ್ಯ ಹುಲಗೂರರು, ದತ್ತೋಪಂತ ದೇಸಾಯಿಯವರು ಆರಂಭದ ಗುರುಗಳು. 1930ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಎಂವಿ ಕಂಪನಿ ಅವರ ಹಾಡುಗಳನ್ನು ಮುದ್ರಿಸಿತು. ಮೊದಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ. ಜೊತೆಗೆ ಊರಿನ ಗುರುತಾಗಿ ಹುಬ್ಬಳ್ಳಿ. ಗಂಗೂಬಾಯಿ ಹಾನಗಲ್ ಎಂದು ಹುಡುಕುವ ವಿದ್ಯಾರ್ಥಿಗೆ ಈ ಮುದ್ರಿಕೆಗಳು ಸುಲಭವಾಗಿ ಸಿಗದಿರುವುದಕ್ಕೆ ಇದೇ ಕಾರಣ. ಜಿ. ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಯುಗಳಗೀತೆಯೂ ಇದೇ ಕಾಲದ್ದು. ಖ್ಯಾಲ್ ಮಾತ್ರವಲ್ಲದೆ ಭಾವಗೀತೆಯನ್ನೂ ಅವರು ಹಾಡುತ್ತಿದ್ದರೆಂಬುದನ್ನು ಈಗಿನ ಅಭಿಮಾನಿಗಳು ನಂಬುವುದು ಕಷ್ಟ.

ಕೇಳಿದಾಗ ಇನ್ನೂ ಹೆಚ್ಚಿನ ಬೆರಗು ಕಾದಿರುತ್ತದೆ. ನಾವು ಬಲ್ಲ ಗಂಗೂಬಾಯಿಯವರ ಕಂಠ ಗಂಭೀರ, ಗಂಡುದನಿಗೆ ಹತ್ತಿರವಾದದ್ದು, ಒಂದೊಂದು ಸ್ವರವನ್ನೂ ಬಂಡೆ ಎತ್ತಿಟ್ಟಂತೆ ಇಡುವಂಥದ್ದು. ಗಾಂಧಾರಿಯ ತಟ್ಟೆಯಲ್ಲಿರುವುದು ಇಪ್ಪತ್ತರ ಆಸುಪಾಸಿನ ತರುಣಿಯ ಏರುದನಿ. ತೆಳು, ಚುರುಕು, ತಾರಸ್ಥಾಯಿಯಲ್ಲಿ ನಿರಾಯಾಸ. ಈ ಎರಡರ ನಡುವೆ ಗಂಟಲಿನ ಶಸ್ತ್ರಚಿಕಿತ್ಸೆಯೊಂದು ನಡೆಯಿತು, ಧ್ವನಿ ಕೆಳಕ್ಕಿಳಿಯಿತು. ಗಾಯಕಿಯೊಬ್ಬರಿಗೆ ಇದು ವೃತ್ತಿಯ ಕೊನೆಯಾಗಬಹುದಿತ್ತು. ಆ ಕಾಲದ ಕೇಳುಗರು ಹೆಣ್ಣುದನಿಯಿಂದ ಬಯಸುತ್ತಿದ್ದ ಮಾಧುರ್ಯವೇ ಹೋದ ಮೇಲೆ ಉಳಿದದ್ದೇನು? ಉಳಿದದ್ದು ಕುಂದಗೋಳದ ಪಾಠ.

1937ರ ಸುಮಾರಿಗೆ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆನಿಂತ ಮೇಲೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತು ಮರಳುತ್ತಿದ್ದರು. ಕೆಲವೇ ಸ್ವರಗಳ ಒಂದು ಪಲುಕನ್ನು ದಿನಗಟ್ಟಲೆ ತಿದ್ದುವುದು ಗುರುಗಳ ಕ್ರಮವಾಗಿತ್ತು. ಹೊಸ ಕಂಠಕ್ಕೆ ವೇಗದ ತಾನುಗಳಿಗಿಂತ ವಿಲಂಬಿತದ ಬಢತ್ ಒಪ್ಪಿತು. ಅವರು ಹಾಡುವ ರಾಗಗಳ ಸಂಖ್ಯೆಯನ್ನು ಹಿಗ್ಗಿಸಲು ಹೋಗದೆ, ಆಯ್ದ ರಾಗಗಳಲ್ಲಿಯೇ ಆಳಕ್ಕಿಳಿದರು. ಹಿಂದಿನ ದನಿಯನ್ನು ಅನುಕರಿಸಲು ಅವರು ಯತ್ನಿಸಲಿಲ್ಲವೆಂಬುದನ್ನು ಮುಂದಿನ ದಶಕಗಳ ಮುದ್ರಿಕೆಗಳು ಸ್ಪಷ್ಟವಾಗಿ ತೋರುತ್ತವೆ. ಮಗಳು ಕೃಷ್ಣಾ ಹಾನಗಲ್ ಹಿಂದೆ ಕುಳಿತು ಮೇಲಿನ ಸ್ಥಾಯಿಯಲ್ಲಿ ಸಾಥ್ ನೀಡುತ್ತಿದ್ದುದರಿಂದ ತಾಯಿಯ ದನಿಯ ಭಾರ ಇನ್ನಷ್ಟು ಎದ್ದು ಕಾಣುತ್ತಿತ್ತು.

ಹಳೆಯ ತಟ್ಟೆಗಳಲ್ಲಿರುವುದು ಅಪಕ್ವ ಹಾಡಿಕೆ, ಅದನ್ನು ಬದಿಗಿಟ್ಟರೂ ನಡೆದೀತು ಎಂಬ ಅಭಿಪ್ರಾಯವೊಂದುಂಟು. ಅದಕ್ಕೆ ವಿರುದ್ಧವಾಗಿ, ಅದೇ ನಿಜವಾದ ಗಂಗೂಬಾಯಿ, ಮುಂದಿನದು ಕಳೆದುಹೋದ ದನಿಯ ನೆರಳು ಎಂಬವರೂ ಇದ್ದಾರೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಈ ವಾದ ನಿಲ್ಲಲಾರದು. ತಾನುಗಳ ಚುರುಕು ಮೊದಲ ತಟ್ಟೆಗಳಲ್ಲಿ ಇದೆ. ಎರಡು ಸ್ವರಗಳ ನಡುವಿನ ಮೌನ ಅವುಗಳಲ್ಲಿ ಇಲ್ಲ. ಆ ಮೌನಕ್ಕೆ ವಯಸ್ಸು, ಗುರು, ಕಷ್ಟ ಇವುಗಳ ಜೊತೆಗೆ ಮೂರು ನಿಮಿಷಕ್ಕಿಂತ ಹೆಚ್ಚಿನ ಅವಧಿಯೂ ಬೇಕಿತ್ತು.

ಭೀಮಸೇನ ಜೋಶಿ

ಗದುಗಿನ ಶಿಕ್ಷಕರ ಮಗನಾದ ಭೀಮಸೇನರು ಬಾಲ್ಯದಲ್ಲಿ ಖಾನಸಾಹೇಬರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ ಮನಸೋತ ಕಥೆ ಬಹುಶ್ರುತ. 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ ಮೊದಲಾದ ಕಡೆ ಅಲೆದ ಮೇಲೆ, ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬಂದೆಯೇಕೆ ಎಂದು ಜಲಂಧರದಲ್ಲಿ ಅವರಿಗೆ ತಿಳಿಹೇಳಿದವರು ವಿನಾಯಕರಾವ್ ಪಟವರ್ಧನರು. ಕುಂದಗೋಳದ ಗುರುಮನೆಯಲ್ಲಿ ನೀರು ಹೊತ್ತು, ಕಸ ಗುಡಿಸಿ ಕಲಿತರು. 1942ರಲ್ಲಿ ಎಚ್‌ಎಂವಿ ಅವರ ಮೊದಲ ಮುದ್ರಿಕೆಯನ್ನು ಹೊರತಂದಿತು, ಅದರಲ್ಲಿದ್ದವು ಭಕ್ತಿಗೀತೆಗಳು. ಮುಂದೆ ಕಛೇರಿಗಳಲ್ಲಿ ಅದೇ ಝಿಂಝೋಟಿ ಠುಮ್ರಿಯನ್ನು ಅವರು ಹಾಡುತ್ತಿದ್ದರು. ಮೂರು ನಿಮಿಷದ ತಟ್ಟೆಯನ್ನೂ ಶಿಷ್ಯನ ಶಿಷ್ಯನ ಈ ಸುದೀರ್ಘ ವಿಸ್ತಾರವನ್ನೂ ಜೊತೆಗಿಟ್ಟು ಕೇಳುವುದು ಸಂಗೀತದ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ. ಅದೇ ಠುಮ್ರಿಯನ್ನು ಕುಂದನ್‌ಲಾಲ್ ಸೈಗಲ್ಲರು 1935ರ ದೇವದಾಸ್ ಚಿತ್ರದಲ್ಲಿ ಹಾಡಿದ್ದಾರೆ. ಮೂರನೆಯ ಹೋಲಿಕೆಗೆ ಅದೂ ಒದಗುತ್ತದೆ.

ಗುರುಗಳ ಸ್ಮರಣೆಗೆ 1953ರಿಂದ ಪುಣೆಯಲ್ಲಿ ಭೀಮಸೇನರು ನಡೆಸಿದ ಸವಾಯಿ ಗಂಧರ್ವ ಉತ್ಸವ ದೇಶದಲ್ಲೆಲ್ಲ ಪ್ರಸಿದ್ಧ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ.

ಇತರರು

ಧಾರವಾಡದ ಸಮೀಪದ ಮನ್ಸೂರಿನ ಮಲ್ಲಿಕಾರ್ಜುನ ಮನಸೂರರು ಕಿರಾಣಾದವರಲ್ಲ, ಜೈಪುರ-ಅತ್ರೌಲಿ ಘರಾಣೆಯವರು. ಆದರೆ ಅವರ ಮೊದಲ ತಟ್ಟೆಗಳೂ 1930ರ ದಶಕದವೇ. ನೀಲಕಂಠಬುವಾ ಆಲೂರಮಠರಿಂದ ಪಡೆದ ಗ್ವಾಲಿಯರ್ ಪದ್ಧತಿಯ ಛಾಪು ಅವುಗಳ ಮೇಲಿದೆ. ಮಂಜೀಖಾನ್, ಭುರ್ಜೀಖಾನರಲ್ಲಿ ಕಲಿತು ಬದಲಾದ ಮನಸೂರರನ್ನು ಬಲ್ಲವರಿಗೆ ಅವು ಬೇರೊಬ್ಬರ ಹಾಡಿಕೆಯೆಂದೇ ತೋರಬಹುದು. ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರುಗಳ ಮುದ್ರಿಕೆಗಳದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಮರಳಿ ಕೇಳುವಾಗ ಗಮನಿಸಬೇಕಾದವು

ಮೊದಲನೆಯದು ವೇಗ. ಆರಂಭಕಾಲದ ಎಲ್ಲ ತಟ್ಟೆಗಳೂ ಕರಾರುವಾಕ್ಕಾಗಿ 78 ಸುತ್ತಿನಲ್ಲಿ ಮುದ್ರಿತವಾಗಿರಲಿಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಅರ್ಧ ಸ್ವರದಷ್ಟು ಏರುತ್ತದೆ. ತಾನುಗಳೂ ಅಷ್ಟೇ ಪ್ರಮಾಣದಲ್ಲಿ ವೇಗ ಪಡೆಯುತ್ತವೆ. ಅಂತರಜಾಲದಲ್ಲಿ ಒಂದೇ ತಟ್ಟೆಯ ಎರಡು ಪ್ರತಿಗಳು ಎರಡು ಶ್ರುತಿಗಳಲ್ಲಿ ಕೇಳಿಬರುವುದು ಇದರಿಂದಲೇ. ಅಬ್ದುಲ್ ಕರೀಮ್ ಖಾನರ ಶ್ರುತಿ ಎಷ್ಟು ಎತ್ತರದ್ದೆಂದು ತೀರ್ಮಾನಿಸುವ ಮೊದಲು ಇದನ್ನು ಪರೀಕ್ಷಿಸಬೇಕು. ಗಂಗೂಬಾಯಿಯವರ ಮೊದಲ ದನಿಯ ಏರನ್ನು ಮಾತ್ರ ಯಂತ್ರದ ತಪ್ಪೆಂದು ತಳ್ಳಿಹಾಕಲಾಗದು. ಅರ್ಧ ಸ್ವರ ಇಳಿಸಿದರೂ ಅದು ನಮಗೆ ಪರಿಚಿತವಾದ ದನಿಯಾಗುವುದಿಲ್ಲ.

ಎರಡನೆಯದು ಅವಧಿ. ಗಂಟೆಗಟ್ಟಲೆ ಹಾಡುವವರಿಗೆ ಮೂರು ನಿಮಿಷದ ಗಡಿ ಹಾಕಿದಾಗ ಅವರು ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ವಿಲಂಬಿತ ಖ್ಯಾಲ್ ಕೈಬಿಟ್ಟುಹೋಗುತ್ತಿತ್ತು, ಇಲ್ಲವೆ ಒಂದು ಮಗ್ಗುಲಿಗೆ ವಿಲಂಬಿತ, ಇನ್ನೊಂದಕ್ಕೆ ದ್ರುತ ಎಂದು ಹಂಚಿಕೆಯಾಗುತ್ತಿತ್ತು. ನಲವತ್ತು ನಿಮಿಷದ ಪಾಠವನ್ನು ಪರೀಕ್ಷಕರೆದುರು ಐದು ನಿಮಿಷದಲ್ಲಿ ಮಾಡಿ ತೋರಿಸಿದ ಶಿಕ್ಷಕರಿಗೆ ಈ ಸಂಕಟ ಅರ್ಥವಾದೀತು. ಹಾಡು ಕೊನೆಯಲ್ಲಿ ಅವಸರದಿಂದ ಮುಗಿದಂತೆ ಕೇಳಿದರೆ, ಮುದ್ರಕನು ಸಮಯವಾಯಿತೆಂದು ಸನ್ನೆ ಮಾಡಿರಬಹುದೆಂದು ತಿಳಿಯಬೇಕು.

ಮೂರನೆಯದು ಶುದ್ಧೀಕರಣ. ಹಳೆಯ ಮುದ್ರಿಕೆಗಳನ್ನು ಮರುಬಿಡುಗಡೆ ಮಾಡುವವರು ಗರಗರ ಸದ್ದನ್ನು ಯಂತ್ರದಿಂದ ತೆಗೆಯುತ್ತಾರೆ. ಅತಿಯಾಗಿ ತೆಗೆದರೆ ಸದ್ದಿನೊಡನೆ ಕಂಠದ ಅಂಚೂ ಹೋಗುತ್ತದೆ. ದನಿ ನೀರಿನೊಳಗಿಂದ ಬಂದಂತೆ ಮಂಕಾಗುತ್ತದೆ. ತುಸು ಗರಗರವಿದ್ದರೂ ಸ್ವರ ಪೂರ್ಣವಾಗಿರುವ ಪ್ರತಿಯನ್ನು ಆರಿಸಿಕೊಳ್ಳುವುದು ಮೇಲು.

ನವಲಗುಂದ ತಾಲ್ಲೂಕಿನ ಮೊರಬದಂಥ ಊರುಗಳಲ್ಲಿ ಹಳೆಯ ತಲೆಮಾರಿನ ಬಹುಜನ ಈ ಗಾಯಕರನ್ನು ಬಲ್ಲದ್ದು ತಟ್ಟೆಯಿಂದಲ್ಲ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ. ರೇಡಿಯೊ ಕೇಳಿ ಬೆಳೆದವರಿಗೆ ಗಂಗೂಬಾಯಿಯವರದು ಗಂಭೀರ ದನಿಯೇ. ಗಾಂಧಾರಿಯ ತಟ್ಟೆಯನ್ನು ಅಂಥವರಿಗೆ ಹೆಸರು ಹೇಳದೆ ಕೇಳಿಸಿದರೆ ಹಾಡುವವರು ಯಾರೆಂದು ಗುರುತಿಸುವುದು ದುಸ್ತರ.

ಸಂಗ್ರಹ ಮತ್ತು ಸಂರಕ್ಷಣೆ

1990ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ಹಳೆಯ ತಟ್ಟೆಗಳ ವಿವರಗಳನ್ನು ಕಲೆಹಾಕುವಲ್ಲಿ ಗಣನೀಯ ಕೆಲಸ ಮಾಡಿದೆ. ಮೈಕೆಲ್ ಕಿನ್ನಿಯರ್ ಅವರು ಅಬ್ದುಲ್ ಕರೀಮ್ ಖಾನರ ಜೀವನವನ್ನೂ ಮುದ್ರಿಕೆಗಳ ಪಟ್ಟಿಯನ್ನೂ ಒಳಗೊಂಡ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ. ಸವಾಯಿ ಗಂಧರ್ವ, ಗಂಗೂಬಾಯಿ ಇವರ ಬಗೆಗೂ ಕನ್ನಡದಲ್ಲಿ ಅಂಥ ಪಟ್ಟಿ ಆಗಬೇಕಾಗಿದೆ. ಗಂಗೂಬಾಯಿಯವರ ಆತ್ಮಕಥನ ‘ನನ್ನ ಬದುಕಿನ ಹಾಡು’ ಅವರ ಕಾಲವನ್ನು ತಿಳಿಯಲು ಅಗತ್ಯವಾದ ಓದು.

ಭಾರತದಲ್ಲಿ ಅರಗಿನ ತಟ್ಟೆಗಳ ತಯಾರಿಕೆ 1960ರ ದಶಕದ ಕೊನೆಯವರೆಗೂ ನಡೆದಿದ್ದರಿಂದ, ಹುಬ್ಬಳ್ಳಿ-ಧಾರವಾಡದ ಹಾಗೂ ಸುತ್ತಲ ಹಳ್ಳಿಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಅವು ಇಂದಿಗೂ ಸಿಗುವ ಸಂಭವವಿದೆ. ನುಡಿಸುವ ಪೆಟ್ಟಿಗೆ ಕೆಟ್ಟುಹೋದ ಮೇಲೆ ತಟ್ಟೆಗಳನ್ನು ಮೋಡಕದವರಿಗೆ ಕೊಟ್ಟ ಮನೆಗಳು ಎಷ್ಟೋ. ಸಿಕ್ಕವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಭಾರಕ್ಕೆ ಅವು ಸೀಳುತ್ತವೆ, ಬಿಸಿಲಿಗೆ ಡೊಂಕಾಗುತ್ತವೆ. ಧೂಳನ್ನು ಮೆತ್ತಗಿನ ಒಣ ಬಟ್ಟೆಯಿಂದ ಗೀರಿನ ಗುಂಟ ಒರೆಸಬೇಕು. ಸ್ಪಿರಿಟ್ ಅಥವಾ ಆಲ್ಕೋಹಾಲ್ ಬೆರೆತ ಯಾವ ದ್ರವವನ್ನೂ ಮುಟ್ಟಿಸಕೂಡದು, ಅರಗು ಅದರಲ್ಲಿ ಕರಗಿಹೋಗುತ್ತದೆ. ನುಡಿಸುವ ಮೊದಲು ನಡುವಿನ ಕಾಗದದ ಮೇಲಿನ ಹೆಸರು, ರಾಗ, ಕಂಪನಿಯ ಸಂಖ್ಯೆ ಇವನ್ನೂ, ಕಾಗದದ ಅಂಚಿಗೆ ತಟ್ಟೆಯ ಮೇಲೆಯೇ ಕೊರೆದಿರುವ ಸಣ್ಣ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಕಾಗದ ಕಿತ್ತುಹೋದ ತಟ್ಟೆಯಲ್ಲಿ ಹಾಡಿದವರು ಯಾರೆಂದು ಪತ್ತೆಹಚ್ಚಲು ಆ ಕೊರೆದ ಸಂಖ್ಯೆಯೇ ಆಧಾರ.